3ಡಿ ಲೇಯರ್‌ಗಳನ್ನು ಗ್ರೂಪ್ ಮಾಡುವ ಮುನ್ನ

ಚಲಿಸುವ ಚಿತ್ರ, ಟೈಟಲ್ ಮಾಡುವ ಸಾಫ್ಟ್‌ವೇರ್ ಆದ ಆಫ್ಟರ್ ಎಫೆಕ್ಟ್ಸ್ ಕಲಿಯಲು ಬರುವವರು ಬೇಗನೇ ಕೇಳುವ ಪ್ರಶ್ನೆ ಒಂದಿದೆ. "ಈ 3ಡಿ ಲೇಯರ್‌ಗಳನ್ನೆಲ್ಲ ಗ್ರೂಪ್ ಮಾಡೋದು ಹೇಗೆ?" ಲೇಯರ್ ಅಂದರೆ ಚಿತ್ರದ ಒಂದು ಪದರ; 3ಡಿ ಲೇಯರ್ ಅಂದರೆ ಆಳದಲ್ಲೂ ಸರಿಯುವ, ತಿರುಗುವ ಪದರ. ಫೋಟೋಶಾಪ್‌ನಲ್ಲಿ ಕಂಟ್ರೋಲ್ ಜಿ ಒತ್ತಿ ರೂಢಿಯಾದವರು ಇಲ್ಲೂ ಅಂಥದ್ದೇ ಫೋಲ್ಡರ್ ಹುಡುಕುತ್ತಾರೆ. ನಾನು ಉತ್ತರ ಹೇಳುವ ಮೊದಲು ಒಂದು ಮಾತು ಕೇಳುತ್ತೇನೆ: ನಿಮಗೆ ಅವು ಒಟ್ಟಿಗೆ ಚಲಿಸಬೇಕಾ, ಇಲ್ಲ ಒಂದೇ ಚಿತ್ರದ ಹಾಗೆ ಇರಬೇಕಾ? ಎರಡಕ್ಕೂ ದಾರಿ ಬೇರೆ. ತಪ್ಪು ದಾರಿ ಹಿಡಿದರೆ ಅರ್ಧ ಕೆಲಸ ಮುಗಿದ ಮೇಲೆ ಗೊತ್ತಾಗುತ್ತದೆ.

ಬರೀ ಒಟ್ಟಿಗೆ ಚಲಿಸಿದರೆ ಸಾಕು ಅಂದರೆ ನಲ್ ಆಬ್ಜೆಕ್ಟ್, ಅಂದರೆ ಚಿತ್ರದಲ್ಲಿ ಕಾಣದ ಖಾಲಿ ಲೇಯರ್, ಸಾಕು. ಒಂದು ಡಬ್ಬಿ ಕಟ್ಟಿ ನೋಡಿ. 400 ಪಿಕ್ಸೆಲ್ ಚೌಕದ ಆರು ಸಾಲಿಡ್ (ಒಂದೇ ಬಣ್ಣದ ಲೇಯರ್) ಮಾಡಿ, ಆರಕ್ಕೂ 3ಡಿ ಸ್ವಿಚ್ ಹಾಕಿ. ಮುಂದಿನದನ್ನು ಝಡ್‌ನಲ್ಲಿ ಮೈನಸ್ 200ಕ್ಕೆ, ಹಿಂದಿನದನ್ನು ಪ್ಲಸ್ 200ಕ್ಕೆ ಇಡಿ. ಆಫ್ಟರ್ ಎಫೆಕ್ಟ್ಸ್‌ನಲ್ಲಿ ಝಡ್ ಹೆಚ್ಚಾದಂತೆ ಲೇಯರ್ ನಮ್ಮಿಂದ ದೂರ ಹೋಗುತ್ತದೆ. ಅಕ್ಕಪಕ್ಕದವನ್ನು 200 ಪಿಕ್ಸೆಲ್ ಎಡಕ್ಕೆ, ಬಲಕ್ಕೆ ಸರಿಸಿ ವೈ ಅಕ್ಷದಲ್ಲಿ 90 ಡಿಗ್ರಿ ತಿರುಗಿಸಿ. ಮೇಲಿನದನ್ನೂ ಕೆಳಗಿನದನ್ನೂ ಅಷ್ಟೇ ದೂರ ಸರಿಸಿ ಎಕ್ಸ್ ಅಕ್ಷದಲ್ಲಿ ತಿರುಗಿಸಿ. ಈಗ ಡಬ್ಬಿಯ ನಟ್ಟನಡುವೆ ಒಂದು ನಲ್ ಇಟ್ಟು, ಅದಕ್ಕೂ 3ಡಿ ಸ್ವಿಚ್ ಹಾಕಿ, ಆರನ್ನೂ ಅದಕ್ಕೆ ಪೇರೆಂಟ್ ಮಾಡಿ, ಅಂದರೆ ನಲ್ ಚಲಿಸಿದಂತೆ ಅವೂ ಚಲಿಸುವ ಹಾಗೆ ಕಟ್ಟಿ. ನಲ್‌ಗೆ ಆ ಸ್ವಿಚ್ ಹಾಕಲು ಮರೆಯುವವರೇ ಜಾಸ್ತಿ. ಮರೆತರೆ ಅದು ಚಪ್ಪಟೆಯಾಗಿ ಮಾತ್ರ ತಿರುಗುತ್ತದೆ, ಆಳಕ್ಕೆ ತಿರುಗುವುದಿಲ್ಲ.

ಪೇರೆಂಟ್ ಮಾಡಿದ ಕೂಡಲೇ ಪೊಸಿಷನ್ ಅಂಕಿಗಳು ಬದಲಾಗುತ್ತವೆ, ತೆರೆಯ ಮೇಲೆ ಮಾತ್ರ ಏನೂ ಅಲುಗಾಡುವುದಿಲ್ಲ. ಗಾಬರಿ ಬೇಡ. ಇನ್ನು ಮುಂದೆ ಆ ಅಂಕಿಗಳ ಲೆಕ್ಕ ನಲ್‌ನಿಂದ ಶುರು, ಅಷ್ಟೇ. ನಲ್‌ನ ಸ್ಕೇಲ್ ಮಾತ್ರ ಮೂರೂ ಅಕ್ಷದಲ್ಲಿ ಒಂದೇ ಇರಲಿ. ಒಂದು ಅಕ್ಷದಲ್ಲಷ್ಟೇ ಹಿಗ್ಗಿಸಿದರೆ, ಓರೆಯಾಗಿ ತಿರುಗಿದ ಲೇಯರ್‌ಗಳು ಸೊಟ್ಟಗಾಗುತ್ತವೆ.

ಕನ್ನಡ ಟೈಟಲ್ ಮಾಡುವವರಿಗೆ ಇದು ಇನ್ನೂ ಮುಖ್ಯ. 'ಕನ್ನಡ' ಎಂಬ ಪದದ ಅಕ್ಷರಗಳನ್ನು ಆಳದಲ್ಲಿ ಚದುರಿಸಿ ಒಟ್ಟುಗೂಡಿಸಬೇಕು ಅಂದುಕೊಳ್ಳಿ. ನ ಅಕ್ಷರದ ಕೆಳಗಿನ ಒತ್ತು ಬೇರೆ ಲೇಯರ್ ಆಗಿದ್ದರೆ ಅದನ್ನು ನೇರವಾಗಿ ಪದದ ನಲ್‌ಗೆ ಕಟ್ಟಬೇಡಿ. ಒತ್ತನ್ನು ಅದರ ಅಕ್ಷರಕ್ಕೆ ಕಟ್ಟಿ, ಅಕ್ಷರವನ್ನು ನಲ್‌ಗೆ ಕಟ್ಟಿ. ಒಂದು ಲೇಯರ್‌ಗೆ ಒಬ್ಬನೇ ಪೇರೆಂಟ್, ಆದರೆ ಸರಪಳಿ ಎಷ್ಟು ಉದ್ದ ಬೇಕಾದರೂ ಆಗಬಹುದು. ಒತ್ತು ಒಂದು ಕಡೆ, ಅಕ್ಷರ ಒಂದು ಕಡೆ ಹಾರುವ ಟೈಟಲ್ ನೋಡಿದರೆ ನನಗೆ ನಿಜಕ್ಕೂ ಬೇಸರವಾಗುತ್ತದೆ. ಓದಲು ಬಾರದ ಅಕ್ಷರ ಎಷ್ಟು ಚೆನ್ನಾಗಿ ಹಾರಿದರೇನು?

ಪೇರೆಂಟಿಂಗ್‌ನಲ್ಲಿ ಪೇರೆಂಟ್‌ನಿಂದ ಕಟ್ಟಿದ ಲೇಯರ್‌ಗೆ ದಾಟದ ಸಂಗತಿಗಳೂ ಇವೆ. ನಲ್‌ನ ಒಪಾಸಿಟಿ (ಎಷ್ಟು ಗಾಢವಾಗಿ ಕಾಣಬೇಕೆಂಬ ಅಳತೆ) ಇಳಿಸಿದರೆ ಡಬ್ಬಿ ಮಾಯವಾಗುವುದಿಲ್ಲ. ಎಫೆಕ್ಟ್‌ಗಳೂ ಅಷ್ಟೇ. ಆರು ಮುಖಗಳ ಒಪಾಸಿಟಿಯನ್ನು ಒಂದೊಂದಾಗಿ ಇಳಿಸಿದರೆ ಮುಂದಿನ ಮುಖದ ಮೂಲಕ ಹಿಂದಿನದು ಕಾಣತೊಡಗುತ್ತದೆ. ಡಬ್ಬಿ ಇಡಿಯಾಗಿ ಮಾಸಬೇಕಾದರೆ ಪ್ರಿಕಂಪೋಸ್ ಮಾಡಬೇಕು, ಅಂದರೆ ಆ ಲೇಯರ್‌ಗಳನ್ನೆಲ್ಲ ಪ್ರಿಕಾಂಪ್ ಎಂಬ ಒಂದೇ ಲೇಯರ್ ಒಳಗೆ ಹಾಕಬೇಕು.

ಪ್ರಿಕಾಂಪ್ ಮಾಡಿದಾಗ ಒಳಗಿನ ಆಳವೆಲ್ಲ ಒಂದು ಚಪ್ಪಟೆ ಚಿತ್ರವಾಗುತ್ತದೆ. ಹೊರಗಿನ ಕ್ಯಾಮೆರಾ ಪಕ್ಕಕ್ಕೆ ಸರಿದರೆ ಡಬ್ಬಿಯ ಪಕ್ಕದ ಮುಖ ಕಾಣುವುದಿಲ್ಲ, ಚಿತ್ರ ಅಂಟಿಸಿದ ರಟ್ಟು ಕಾಣುತ್ತದೆ. ಕ್ಯಾಮೆರಾ ಅಲುಗಾಡದಿದ್ದರೆ ಇದು ಚೆನ್ನಾಗಿಯೇ ನಡೆಯುತ್ತದೆ. ಅಲುಗಾಡುತ್ತದೆ ಎಂದಾದರೆ ಆ ಪ್ರಿಕಾಂಪ್ ಲೇಯರ್‌ಗೆ 3ಡಿ ಸ್ವಿಚ್ ಜೊತೆಗೆ ಕೊಲ್ಯಾಪ್ಸ್ ಟ್ರಾನ್ಸ್‌ಫರ್ಮೇಶನ್ಸ್ ಸ್ವಿಚ್ ಕೂಡ ಹಾಕಿ, ಆ ಪುಟ್ಟ ಸೂರ್ಯನ ಗುರುತಿನದು. ಆಗ ಒಳಗಿನ ಲೇಯರ್‌ಗಳು ಹೊರಗಿನ ಕ್ಯಾಮೆರಾಗೂ ಲೈಟ್‌ಗೂ ಸ್ಪಂದಿಸುತ್ತವೆ. ಒಳಗೆ ನೀವು ಇಟ್ಟ ಕ್ಯಾಮೆರಾ, ಲೈಟ್ ಲೆಕ್ಕಕ್ಕೆ ಬರುವುದಿಲ್ಲ.

ಆದರೆ ಆ ಲೇಯರ್ ಮೇಲೆ ಒಂದು ಗ್ಲೋ (ಹೊಳಪಿನ ಎಫೆಕ್ಟ್) ಹಾಕಿದಿರೋ, ಒಂದು ಮಾಸ್ಕ್ (ಲೇಯರ್‌ನ ಒಂದು ಭಾಗವನ್ನಷ್ಟೇ ತೋರಿಸುವ ಗೆರೆ) ಎಳೆದಿರೋ, ಡಬ್ಬಿ ಹೊರಗಿನ 3ಡಿ ಲೇಯರ್‌ಗಳ ಜೊತೆಗಿನ ನಂಟು ಕಳೆದುಕೊಳ್ಳುತ್ತದೆ. ಅವುಗಳ ಮೇಲೆ ಅದರ ನೆರಳು ಬೀಳುವುದಿಲ್ಲ, ಅದು ಅವುಗಳ ಒಳಗೆ ತೂರಿದಂತೆ ಕಾಣುವುದೂ ಇಲ್ಲ. ಗ್ಲೋ ಬೇಕೇ ಬೇಕು ಅಂದರೆ ಪ್ರಿಕಾಂಪ್ ಒಳಗಿನ ಆಯಾ ಲೇಯರ್‌ಗೆ ಹಾಕಿ.

ಇನ್ನೊಂದು ಗುಂಪಿದೆ. ಅದನ್ನು ನಾವು ಮಾಡುವುದಿಲ್ಲ, ಸಾಫ್ಟ್‌ವೇರ್ ತಾನೇ ಮಾಡಿಕೊಳ್ಳುತ್ತದೆ. ನಾನು ಕಂಡ ತೊಂದರೆಗಳಲ್ಲಿ ಹೆಚ್ಚಿನವು ಇಲ್ಲೇ ಹುಟ್ಟಿದವು. 3ಡಿ ಲೇಯರ್ ಮತ್ತು ಪೇರೆಂಟಿಂಗ್ ಎರಡೂ ಬಂದದ್ದು 2001ರಲ್ಲಿ, 5.0 ಆವೃತ್ತಿಯಲ್ಲಿ. ಸಾಫ್ಟ್‌ವೇರ್ ಮಾತ್ರ 1993ರದ್ದು. ಮೇಲಿನ ಲೇಯರ್ ಕೆಳಗಿನದನ್ನು ಮುಚ್ಚುತ್ತದೆ ಎನ್ನುವ 2ಡಿ ನಿಯಮ ಇಂದಿಗೂ ಟೈಮ್‌ಲೈನ್ ಅನ್ನು, ಅಂದರೆ ಲೇಯರ್‌ಗಳ ಪಟ್ಟಿಯನ್ನು, ಆಳುತ್ತಿದೆ. ಒಂದರ ಕೆಳಗೊಂದು ಸಾಲಾಗಿರುವ 3ಡಿ ಲೇಯರ್‌ಗಳನ್ನು ಅದು ಒಂದು ಗುಂಪಾಗಿ ಹಿಡಿದು, ಯಾವುದು ಮುಂದೆ ಯಾವುದು ಹಿಂದೆ ಎಂದು ಝಡ್ ನೋಡಿ ಚಿತ್ರಿಸುತ್ತದೆ. ನಡುವೆ ಒಂದು 2ಡಿ ಲೇಯರ್ ಬಂತೋ, ಗುಂಪು ಅಲ್ಲಿಗೆ ಎರಡಾಗಿ ಒಡೆಯುತ್ತದೆ. ಮೇಲಿನ ಗುಂಪು ಎಷ್ಟೇ ದೂರದಲ್ಲಿರಲಿ, ಕೆಳಗಿನ ಗುಂಪಿನ ಮುಂದೆಯೇ ಕಾಣುತ್ತದೆ. ಒಂದರ ನೆರಳು ಇನ್ನೊಂದರ ಮೇಲೆ ಬೀಳುವುದಿಲ್ಲ.

ಹೀಗೆ ಒಡೆಯುವುದು 2ಡಿ ಲೇಯರ್ ಒಂದೇ ಅಲ್ಲ. ಅಡ್ಜಸ್ಟ್‌ಮೆಂಟ್ ಲೇಯರ್ (ತನ್ನ ಕೆಳಗಿನ ಎಲ್ಲಕ್ಕೂ ಎಫೆಕ್ಟ್ ಹಾಕುವ ಲೇಯರ್), ಟ್ರ್ಯಾಕ್ ಮ್ಯಾಟ್ (ಒಂದು ಲೇಯರ್‌ನ ಆಕಾರದಲ್ಲಿ ಇನ್ನೊಂದನ್ನು ತೋರಿಸುವುದು), ಲೇಯರ್ ಸ್ಟೈಲ್ (ಅಂಚು, ನೆರಳಿನಂಥ ಸಿದ್ಧ ಅಲಂಕಾರ) ಹಾಕಿದ 3ಡಿ ಲೇಯರ್ ಕೂಡ ಒಡೆಯುತ್ತವೆ. ಬಣ್ಣ ತಿದ್ದಲು ಸುಮ್ನೆ ನಡುವೆ ಇಟ್ಟ ಒಂದು ಅಡ್ಜಸ್ಟ್‌ಮೆಂಟ್ ಲೇಯರ್ ಇಡೀ ದೃಶ್ಯದ ನೆರಳು ಕೆಡಿಸಬಲ್ಲದು. ನಲ್‌ನಿಂದ ಈ ತೊಂದರೆ ಇಲ್ಲ, ಅದು ರೆಂಡರ್ ಆಗುವುದೇ, ಅಂದರೆ ಚಿತ್ರವಾಗಿ ಮೂಡುವುದೇ ಇಲ್ಲವಲ್ಲ. ಇಂಥದ್ದೇ ಕೆಲಸದ ಬೇರೆ ಸಾಫ್ಟ್‌ವೇರ್‌ಗಳಾದ ನ್ಯೂಕ್‌ನ ಸೀನ್ ನೋಡ್ ಅಥವಾ ಫ್ಯೂಷನ್‌ನ ಮರ್ಜ್ 3ಡಿ ಬಳಸಿದವರಿಗೆ ಇದು ವಿಚಿತ್ರ ಅನ್ನಿಸುತ್ತದೆ. ಅಲ್ಲಿ ಒಂದು ದೃಶ್ಯಕ್ಕೆ ಜೋಡಿಸಿದ ವಸ್ತುಗಳ ಹಿಂದು ಮುಂದು ನಿರ್ಧಾರವಾಗುವುದು ಅವು ಇರುವ ಜಾಗದಿಂದಲೇ.

ಹಾಗಾಗಿ ನನ್ನ ಜೊತೆ ಕೆಲಸ ಮಾಡುವವರಿಗೆ ಹೇಳುವುದು ಇಷ್ಟು. ಹಿನ್ನೆಲೆಯ 2ಡಿ ಲೇಯರ್‌ಗಳೆಲ್ಲ ಟೈಮ್‌ಲೈನ್‌ನ ತಳದಲ್ಲಿರಲಿ. ಲೋಗೋ, ಗ್ರೇಡಿಂಗ್ (ಬಣ್ಣ ತಿದ್ದುವುದು) ತರಹದವು ಮೇಲಿನ ತುದಿಯಲ್ಲಿರಲಿ. ನಡುವಿನ ಜಾಗ ಪೂರ್ತಿ 3ಡಿಗೆ ಬಿಟ್ಟುಬಿಡಿ, ಅವಕ್ಕೆಲ್ಲ ಒಂದೇ ಲೇಬಲ್ ಬಣ್ಣ ಕೊಡಿ. ಬೇರೆ ಬಣ್ಣದ ಪಟ್ಟಿಯೊಂದು ನಡುವೆ ನುಸುಳಿದ್ದರೆ ನೆರಳು ಎಲ್ಲಿ ಹೋಯಿತು ಎಂದು ಲೈಟ್ ಸೆಟಿಂಗ್ ಕೆದಕುವ ಮೊದಲೇ ಕಣ್ಣಿಗೆ ಬೀಳುತ್ತದೆ.