ಪ್ರಶ್ನೋತ್ತರ ತೆಗೆದುಹಾಕಬೇಡಿ

ವಾರ್ಷಿಕ ಸಮಾವೇಶಕ್ಕೆ ಒಬ್ಬ ಕೀನೋಟ್ ಭಾಷಣಕಾರರು ಬೇಕು ಎಂದು ಎಚ್‌ಆರ್ ವಿಭಾಗದಿಂದ ಬರುವ ಮೇಲ್‌ಗಳಲ್ಲಿ ವಿಷಯ ಸ್ಪಷ್ಟವಾಗಿಯೇ ಇರುತ್ತದೆ: ‘ಡಿಫೆನ್ಸಿವ್ ಆಗದೆ ಮಾತಾಡುವುದು ಹೇಗೆ’, ಅಂದರೆ ಯಾರಾದರೂ ತಪ್ಪು ತೋರಿಸಿದಾಗ ತಕ್ಷಣ ಸಮರ್ಥನೆಗೆ ಇಳಿಯದೆ ಮಾತಾಡುವುದು. ಕೆಳಗೆ ಷರತ್ತು. ಒಟ್ಟು 45 ನಿಮಿಷ, ಮಾತಿನಲ್ಲಿ ಜೋಶ್ ಇರಲಿ, ಪ್ರಶ್ನೋತ್ತರ ಬೇಡ. ಯಾಕೆ ಬೇಡ ಅಂದರೆ ಊಟಕ್ಕೆ ತಡವಾಗುತ್ತದೆ ಎಂಬ ಉತ್ತರ ಬರುತ್ತದೆ. ಇನ್ನೊಂದು ಸಲ ಕೇಳಿದರೆ ನಿಜವಾದ ಕಾರಣ ಹೊರಬೀಳುತ್ತದೆ: ಅಷ್ಟು ಜನರ ಮುಂದೆ ಯಾರಾದರೂ ಎದ್ದು ಏನಾದರೂ ಅಂದುಬಿಟ್ಟರೆ?

ಯಾರಾದರೂ ಎದ್ದು ಏನಾದರೂ ಅನ್ನುವ ಆ ಗಳಿಗೆಯ ಸಲುವಾಗಿಯೇ ಈ ಭಾಷಣ ಇರುವುದು. ಅದನ್ನೇ ತೆಗೆದುಹಾಕಿದರೆ ಈಜು ಕಲಿಸುವವರನ್ನು ಕರೆಸಿ ದಡದಲ್ಲೇ ನಿಂತು ಹೇಳಿ ಹೋಗಿ ಎಂದ ಹಾಗಾಗುತ್ತದೆ. ಬೇರೆ ವಿಷಯಗಳಲ್ಲಿ ಭಾಷಣಕಾರರ ಸ್ವಭಾವ ಹೇಗಿದ್ದರೂ ನಡೆಯುತ್ತದೆ. ತೆರಿಗೆ ಸಲಹೆಗಾರರು ಮುಂಗೋಪಿಯಾಗಿದ್ದರೂ ಅವರ ಲೆಕ್ಕ ಸರಿಯಿರಬಹುದು. ಈ ವಿಷಯದಲ್ಲಿ ಹಾಗಿಲ್ಲ. ಸಭಿಕರು ಭಾಷಣವನ್ನು ಕೇಳಿಸಿಕೊಳ್ಳುತ್ತಲೇ ಒಂದು ಪರೀಕ್ಷೆಗೆ ಕಾಯುತ್ತಿರುತ್ತಾರೆ: ಈ ಮನುಷ್ಯನಿಗೆ ಯಾರಾದರೂ ಚುಚ್ಚಿದರೆ ಏನು ಮಾಡುತ್ತಾನೆ? ಮುನ್ನೂರು ಜನ ಮನೆಗೆ ಹೊತ್ತುಕೊಂಡು ಹೋಗುವುದು ಆ ಹತ್ತು ಸೆಕೆಂಡನ್ನು. ಸ್ಲೈಡುಗಳು ಸಂಜೆಯ ಹೊತ್ತಿಗೆ ಮರೆತುಹೋಗಿರುತ್ತವೆ.

ಆಸ್ಪತ್ರೆಯೊಂದರ ಸಿಬ್ಬಂದಿಗೆ ಏರ್ಪಡಿಸಿದ ಭಾಷಣ ಎಂದು ಇಟ್ಟುಕೊಳ್ಳಿ. ಮೂರನೇ ಸಾಲಿನಿಂದ ಒಬ್ಬ ನರ್ಸ್ ಎದ್ದು ಕೇಳುತ್ತಾರೆ: “ಸರ್, ಇದೆಲ್ಲ ಕೇಳೋಕೆ ಚೆನ್ನಾಗಿದೆ. ರೌಂಡ್ಸ್‌ನಲ್ಲಿ ಪೇಶೆಂಟ್ ಕಡೆಯವರ ಮುಂದೇನೇ ಡಾಕ್ಟ್ರು ಕೂಗಾಡ್ತಾರಲ್ಲ, ಮೊದ್ಲು ಅವರಿಗೆ ಹೇಳಿ. ನಮಗೇ ಯಾಕೆ ಹೇಳ್ತೀರಿ?” ಸಭೆ ನಿಶ್ಶಬ್ದವಾಗುತ್ತದೆ. ಇಲ್ಲಿ ಎಡವುವ ದಾರಿಗಳು ನಾಲ್ಕೈದು ಇವೆ, ಎಲ್ಲವೂ ನಯವಾಗಿಯೇ ಕಾಣುತ್ತವೆ. “ಒಳ್ಳೇ ಪ್ರಶ್ನೆ” ಎಂದು ಹೇಳಿ ಸಿದ್ಧವಿದ್ದ ಸ್ಲೈಡಿಗೆ ಹೋಗುವುದು ಒಂದು. “ನಾನು ಹೇಳಿದ್ದು ಅದಲ್ಲ ಮೇಡಂ” ಅನ್ನುವುದು ಇನ್ನೊಂದು. ತಮಾಷೆ ಮಾಡಿ ಸಭೆಯನ್ನು ನಗಿಸುವುದು ಮೂರನೆಯದು, ಎಲ್ಲಕ್ಕಿಂತ ಕ್ರೂರವಾದದ್ದೂ ಅದೇ. ಆಕೆ ಒಬ್ಬಂಟಿಯಾಗಿ ನಿಂತಿರುವಾಗ ಮುನ್ನೂರು ಜನ ನಗುತ್ತಾರೆ. ಅನುಭವಿಗಳು ಬೀಳುವುದು “ನಿಮ್ಮ ನೋವು ಅರ್ಥವಾಗುತ್ತೆ, ಆದರೆ...” ಎಂಬ ಗುಂಡಿಗೆ. ‘ಆದರೆ’ ಎಂಬ ಮೂರಕ್ಷರ ಅದರ ಹಿಂದಿನದ್ದನ್ನೆಲ್ಲ ಒರೆಸಿಹಾಕುತ್ತದೆ.

ಪಳಗಿದವರು ಮೊದಲು ಎರಡು ಉಸಿರಿನಷ್ಟು ಹೊತ್ತು ಸುಮ್ಮನಿರುತ್ತಾರೆ. ಆಮೇಲೆ ಹೀಗೆ ಹೇಳಬಹುದು: “ಪೇಶೆಂಟ್ ಕಡೆಯವರ ಮುಂದೇನೇ ಕೂಗಾಡ್ತಾರೆ. ಕೂಗಾಡೋರಿಗೆ ಹೇಳೋದು ಬಿಟ್ಟು ಬೈಸ್ಕೊಳ್ಳೋರಿಗೆ ಪಾಠ ಮಾಡ್ತಿದ್ದೀನಿ ಅಂತೀರಿ. ಸರಿಯಾಗಿ ಕೇಳಿಸ್ಕೊಂಡ್ನಾ ಸಿಸ್ಟರ್? ಹೌದು, ಇಷ್ಟು ಹೊತ್ತಲ್ಲಿ ಬೈಯೋರ ಬಗ್ಗೆ ನಾನು ಐದು ನಿಮಿಷಾನೂ ಮಾತಾಡ್ಲಿಲ್ಲ. ಅದು ನನ್ನ ಲೋಪ. ಎಲ್ಲರೆದುರು ಬೈಯೋದು ತಪ್ಪು, ಅದನ್ನ ಸಹಿಸ್ಕೊಳ್ಳಿ ಅಂತ ನಾನು ಹೇಳಲ್ಲ. ಆ ಕ್ಷಣಕ್ಕೆ ಏನು ಹೇಳಬಹುದು ಅನ್ನೋದು ಒಂದು, ಆಮೇಲೆ ಯಾರ ಹತ್ರ ಹೋಗ್ಬೇಕು ಅನ್ನೋದು ಒಂದು. ಯಾವುದರಿಂದ ಶುರು ಮಾಡ್ಲಿ?”

ಈ ಉತ್ತರದಲ್ಲಿ ನಡೆದದ್ದನ್ನು ಗಮನಿಸಿ. ಆಕೆಯ ಮಾತನ್ನು ಆಕೆಯ ಪದಗಳಲ್ಲೇ ಹಿಂದಿರುಗಿಸಿದ್ದಾರೆ. ‘ಕೂಗಾಡ್ತಾರೆ’ ಎಂಬುದನ್ನು ‘ಸಂವಹನದ ಕೊರತೆ’ ಎಂದು ತೊಳೆದು ಬಿಳಿ ಮಾಡಿಲ್ಲ. “ನೀವು ಹೇಳೋದು ಇಷ್ಟೇ ತಾನೇ” ಅನ್ನದೆ “ಸರಿಯಾಗಿ ಕೇಳಿಸ್ಕೊಂಡ್ನಾ” ಅಂದಿದ್ದಾರೆ. ತಪ್ಪಿದ್ದರೆ ತಪ್ಪು ಕೇಳಿಸಿಕೊಂಡವರದ್ದು. ನಿಜವಿರುವ ಭಾಗವನ್ನು ಅಳತೆ ಸಮೇತ ಒಪ್ಪಿದ್ದಾರೆ. ತಮ್ಮ ನಿಲುವನ್ನೂ ಬಿಟ್ಟುಕೊಟ್ಟಿಲ್ಲ. ಕೊನೆಗೆ ಮಾತನ್ನು ಆಕೆಯ ಕೈಗೆ ಕೊಟ್ಟು ನಿಲ್ಲಿಸಿದ್ದಾರೆ. ಆ ನಿಲ್ಲಿಸುವುದು ಕಷ್ಟದ ಕೆಲಸ. ಹೊಸಬರು ಇದೆಲ್ಲವನ್ನೂ ಸರಿಯಾಗಿ ಮಾಡಿ, ಕೊನೆಯಲ್ಲಿ ಇನ್ನೂ ನಾಲ್ಕು ವಾಕ್ಯ ಸೇರಿಸಿ ತಮ್ಮನ್ನು ಸಮರ್ಥಿಸಿಕೊಂಡುಬಿಡುತ್ತಾರೆ.

ಸಂಘಟಕರು ಪದೇ ಪದೇ ತಪ್ಪು ತಿಳಿಯುವುದು ಇಲ್ಲೇ, ಹಾಗಾಗಿ ಸ್ವಲ್ಪ ಬಿಡಿಸಿ ಹೇಳಬೇಕು. ಡಿಫೆನ್ಸಿವ್ ಆಗದಿರುವುದು ಅಂದರೆ ಒಪ್ಪಿಕೊಳ್ಳುವುದಲ್ಲ. ತಲೆ ತಗ್ಗಿಸುವುದಲ್ಲ. ಸುಮ್ಮನಿರುವುದಂತೂ ಅಲ್ಲವೇ ಅಲ್ಲ. ಎಷ್ಟೋ ಮೌನಗಳು ಅತಿ ಗಟ್ಟಿಯಾದ ರಕ್ಷಣಾ ಗೋಡೆಗಳು. ಬಂದ ಮಾತಿನಲ್ಲಿ ನಿಜ ಯಾವುದು, ಅಲ್ಲದ್ದು ಯಾವುದು ಎಂದು ಬೇರ್ಪಡಿಸುವಷ್ಟು ಹೊತ್ತು ತನ್ನನ್ನು ಕಾಪಾಡಿಕೊಳ್ಳುವ ಕೆಲಸವನ್ನು ಮುಂದೂಡುವುದು, ಅಷ್ಟೇ. ಅದೇ ನರ್ಸ್ ಅದೇ ವಾರ್ಡಿನಲ್ಲಿ “ಇಂಜೆಕ್ಷನ್ ಅರ್ಧ ಗಂಟೆ ತಡವಾಗಿದೆ ಡಾಕ್ಟ್ರೇ, ಹೌದು. ಮಿಕ್ಕಿದ್ದನ್ನ ಪೂರ್ತಿ ಕೇಳ್ತೀನಿ, ಪೇಶೆಂಟ್ ಮುಂದೆ ಬೇಡ” ಅಂದರೆ ಅದರಲ್ಲಿ ಒಪ್ಪಿಗೆಯೂ ಇದೆ, ಗೆರೆಯೂ ಇದೆ. ನೆಪ ಮಾತ್ರ ಇಲ್ಲ. ಸಿಬ್ಬಂದಿ ಎದುರು ಮಾತಾಡದಂತಾಗಲಿ ಎಂಬ ಆಸೆಯಿಂದ ಈ ಭಾಷಣ ಇಡಿಸುವವರಿಗೆ ಮೊದಲೇ ಹೇಳಿಬಿಡುವುದು ಒಳ್ಳೆಯದು: ಭಾಷಣ ಚೆನ್ನಾಗಿ ನಾಟಿದರೆ ಅವರು ಇನ್ನೂ ಸ್ಪಷ್ಟವಾಗಿ ಮಾತಾಡುತ್ತಾರೆ.

ಕನ್ನಡದಲ್ಲಿ ಈ ವಿಷಯ ಮಾತಾಡುವವರೆಲ್ಲ ಒಂದು ಗಾದೆಯಿಂದ ಶುರು ಮಾಡುತ್ತಾರೆ: ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಸಭೆ ನಗುತ್ತದೆ, ಭಾಷಣಕಾರರಿಗೆ ಧೈರ್ಯ ಬರುತ್ತದೆ. ಆದರೆ ಈ ಗಾದೆ ನಾವು ಹೇಳಹೊರಟಿದ್ದಕ್ಕೆ ನೇರ ವಿರುದ್ಧವಾದದ್ದು. ಹೆಗಲು ಮುಟ್ಟಿಕೊಂಡವನೇ ಕಳ್ಳ ಎಂದು ಅದು ತೀರ್ಪು ಕೊಡುತ್ತದೆ. ಕದಿಯದವರೂ ಹೆಗಲು ಮುಟ್ಟಿಕೊಳ್ಳುತ್ತಾರೆ. ಹಿಂದೆ ಯಾವಾಗಲೋ ಸುಳ್ಳು ಆರೋಪ ಹೊತ್ತವರು, ಮನೆಯಲ್ಲಿ ಸದಾ ಬೈಸಿಕೊಂಡು ಬೆಳೆದವರು, ಕೆಲಸ ಕಾಯಂ ಆಗದವರು ಎಲ್ಲರಿಗಿಂತ ಮೊದಲು ಮುಟ್ಟಿಕೊಳ್ಳುತ್ತಾರೆ. ಗಾದೆಯನ್ನು ಬಳಸಿ, ಬಳಸಿದ ಮೇಲೆ ಅದರೊಳಗಿನ ಈ ಅನ್ಯಾಯವನ್ನು ಬಿಚ್ಚಿ ತೋರಿಸುವವರು ಸಿಕ್ಕರೆ ಅವರನ್ನು ಬಿಡಬೇಡಿ.

ಇನ್ನು ಭಾಷೆಯ ಮಾತು. ಬೆಂಗಳೂರಿನ ಬಹುಪಾಲು ಇಂಥ ಭಾಷಣಗಳು ಇಂಗ್ಲಿಷ್‌ನಲ್ಲಿ ನಡೆಯುತ್ತವೆ, ಚುಚ್ಚುವ ಮಾತುಗಳು ಮಾತ್ರ ಕನ್ನಡದಲ್ಲೋ ತಮಿಳಿನಲ್ಲೋ ಹಿಂದಿಯಲ್ಲೋ ಬರುತ್ತವೆ. ಕನ್ನಡದ ಮುಳ್ಳು ಎಷ್ಟೋ ಸಲ ಪದದ ಬಾಲದಲ್ಲಿರುತ್ತದೆ. “ಮೇಲ್ ನೋಡಿದ್ರಾ?” ಎಂಬುದು ಪ್ರಶ್ನೆ. “ಮೇಲ್ ನೋಡಿದ್ರಿ ತಾನೇ?” ಎಂಬುದು ಅನುಮಾನ. “ಮೇಲ್ ನೋಡೇ ಇಲ್ವಾ?” ಎಂಬುದು ಆರೋಪ. ಒಂದು ‘ಏ’ಕಾರ ಸೇರಿದ್ದಕ್ಕೆ ಕೇಳುಗರ ಮುಖ ಬಿಗಿಯುತ್ತದೆ. “ಯಾಕೆ ಕಳಿಸಿಲ್ಲ?” ಬದಲು “ಎಲ್ಲಿ ನಿಂತಿದೆ?” ಎಂದು ಕೇಳಿದರೆ ಮೊದಲಿನದಕ್ಕೆ ನೆಪ ಬರುವ ಕಡೆ ಎರಡನೆಯದಕ್ಕೆ ಮಾಹಿತಿ ಬರುವ ಸಾಧ್ಯತೆ ಹೆಚ್ಚು. ಇಂಗ್ಲಿಷ್ ಕಾರ್ಯಾಗಾರಗಳಲ್ಲಿ ದೂರುವ ಬದಲು ನಿಮಗನ್ನಿಸಿದ್ದನ್ನು ಹೇಳಿ ಎಂದು ಗಂಟೆಗಟ್ಟಲೆ ತರಬೇತಿ ಕೊಡುತ್ತಾರೆ. ನಮ್ಮ ವ್ಯಾಕರಣದಲ್ಲಿ ಅದು ಸಿದ್ಧವಾಗಿಯೇ ಇದೆ. ‘ನೀವು ಬೇಜಾರು ಮಾಡಿದ್ರಿ’ ಎಂಬುದಕ್ಕಿಂತ ‘ನನಗೆ ಬೇಜಾರಾಯ್ತು’ ಎಂಬುದೇ ನಮಗೆ ಸಲೀಸು. ಇದೇ ವ್ಯಾಕರಣ ಬಚ್ಚಿಟ್ಟುಕೊಳ್ಳಲೂ ಜಾಗ ಕೊಡುತ್ತದೆ: ‘ಫೈಲ್ ಮಿಸ್ ಆಯ್ತು’, ‘ಹಾಗೆ ಆಗಿಬಿಡ್ತು’. ಮಾಡಿದವರೇ ಇಲ್ಲದ ಕ್ರಿಯಾಪದ. ‘ಮಿಸ್ ಆಯ್ತು’ ಎಂಬುದನ್ನು ‘ನಾನು ಮಿಸ್ ಮಾಡಿದೆ’ ಎಂದು ಸಭೆಯಲ್ಲಿ ಒಮ್ಮೆ ಗಟ್ಟಿಯಾಗಿ ಹೇಳಿಸಿದರೆ ‘ನಾನು’ ಎಂಬ ಎರಡಕ್ಷರದ ಭಾರ ಎಲ್ಲರಿಗೂ ತಿಳಿಯುತ್ತದೆ. ಇದನ್ನು ಗಮನಿಸದೆ ಇಂಗ್ಲಿಷ್ ಸೂತ್ರವನ್ನು ಅನುವಾದಿಸಿ ಒಪ್ಪಿಸುವ ಭಾಷಣ ಪೀಣ್ಯದ ಶಾಪ್‌ಫ್ಲೋರ್‌ನಲ್ಲಾಗಲಿ, ತಾಲ್ಲೂಕು ಆಸ್ಪತ್ರೆಯಲ್ಲಾಗಲಿ ಕೆಲಸಕ್ಕೆ ಬರುವುದಿಲ್ಲ.

ಭಾಷಣಕಾರರನ್ನು ಆರಿಸುವಾಗ ವಿಡಿಯೋ ನೋಡಿ ಮರುಳಾಗಬೇಡಿ. ಅದು ಎಡಿಟ್ ಆಗಿರುತ್ತದೆ. ಅರ್ಧ ಗಂಟೆ ಫೋನಿನಲ್ಲಿ ಮಾತಾಡಿ. ಮಾತಿನ ಅರ್ಥದಲ್ಲಿ ಪದಗಳ ಪಾಲು ಶೇ. 7, ಸ್ವರದ್ದು 38, ಮುಖ ಮತ್ತು ದೇಹಭಾಷೆಯದ್ದು 55 ಎಂಬ ಸ್ಲೈಡ್ ಅವರಲ್ಲಿದೆಯೇ ಕೇಳಿ. ಈ ಅಂಕಿ ಮನೋವಿಜ್ಞಾನಿ ಆಲ್ಬರ್ಟ್ ಮೆಹ್ರಾಬಿಯನ್ ಅವರ 1967ರ ಪ್ರಯೋಗಗಳಿಂದ ಬಂದದ್ದು. ಭಾವನೆ, ಮನೋಭಾವಗಳ ವಿಷಯದಲ್ಲಿ ಪದ, ಸ್ವರ, ಮುಖ ಒಂದಕ್ಕೊಂದು ತಾಳೆಯಾಗದಿದ್ದಾಗ ಕೇಳುಗರು ಯಾವುದನ್ನು ನಂಬುತ್ತಾರೆ ಎಂದು ನೋಡಿದ ಪ್ರಯೋಗಗಳವು. ಎಲ್ಲ ಮಾತಿಗೂ ಇದನ್ನು ಅನ್ವಯಿಸಬಾರದೆಂದು ಅವರೇ ಹೇಳಿದ್ದಾರೆ. ಇದನ್ನು ಭಾಷಣಕಾರರಿಗೆ ಮೆತ್ತಗೆ ತಿಳಿಸಿ, ಸುಮ್ಮನೆ ಕೇಳುತ್ತಿರಿ. “ಹೌದಾ? ನೋಡ್ತೀನಿ, ಸರಿಯಿಲ್ಲದಿದ್ರೆ ತೆಗೀತೀನಿ” ಅನ್ನುವವರು ನಿಮ್ಮ ಭಾಷಣಕಾರರು. “ಹದಿನೈದು ವರ್ಷದಿಂದ ಹೇಳ್ತಿದ್ದೀನಿ, ಯಾರೂ ಕೇಳಿರಲಿಲ್ಲ” ಅನ್ನುವವರು ನಿಮ್ಮ ಪ್ರಶ್ನೆಗೆ ಉತ್ತರ ಕೊಟ್ಟಾಯಿತು. ಒಂದೇ ಉತ್ತರದ ಮೇಲೆ ತೀರ್ಮಾನ ಮಾಡಬಾರದು ನಿಜ; ಸುಸ್ತಾಗಿದ್ದ ದಿನ ಯಾರಾದರೂ ಹಾಗೆ ಅನ್ನಬಹುದು. ಎರಡನೇ ಸಲ ಇನ್ನೊಂದು ವಿಷಯಕ್ಕೆ ಪರೀಕ್ಷಿಸಿ.

ದಾಂಪತ್ಯದ ಬಗ್ಗೆ ಸಂಶೋಧನೆ ಮಾಡಿದ ಮನೋವಿಜ್ಞಾನಿ ಜಾನ್ ಗಾಟ್‌ಮನ್ ಅವರನ್ನು ಉಲ್ಲೇಖಿಸುವವರ ಬಗ್ಗೆಯೂ ಸ್ವಲ್ಪ ಎಚ್ಚರ ಇರಲಿ. ನಾಡಿ ನಿಮಿಷಕ್ಕೆ ನೂರು ದಾಟಿದಾಗ ಜಗಳದಲ್ಲಿ ಏನೂ ಕೇಳಿಸುವುದಿಲ್ಲ, ಇಪ್ಪತ್ತು ನಿಮಿಷವಾದರೂ ಬಿಡುವು ಬೇಕು ಎಂಬ ಅವರ ಸಲಹೆ ಗಂಡ ಹೆಂಡಿರ ಮಾತುಕತೆಯನ್ನು ಅಧ್ಯಯನ ಮಾಡಿ ಬಂದದ್ದು. ಆಫೀಸಿಗೆ ಹೊಂದಬಹುದು. ಹೊಂದಿಯೇ ಹೊಂದುತ್ತದೆ ಎಂದು ಸಾರುವುದು ಬೇಡ.

ವೇದಿಕೆಯ ವಿಷಯಕ್ಕೆ ಬಂದರೆ, ಮನೋವಿಜ್ಞಾನಿ ಜ್ಯಾಕ್ ಗಿಬ್ 1961ರಲ್ಲಿ ಬರೆದದ್ದು ಇಂದಿಗೂ ದಾರಿ ತೋರುತ್ತದೆ. ಗುಂಪು ಚರ್ಚೆಗಳ ಧ್ವನಿಮುದ್ರಣಗಳನ್ನು ವರ್ಷಗಟ್ಟಲೆ ಅಭ್ಯಾಸ ಮಾಡಿ, ಜನರನ್ನು ಮುಳ್ಳುಹಂದಿಯಾಗಿಸುವ ಆರು ನಡವಳಿಕೆಗಳನ್ನು ಅವರು ಗುರುತಿಸಿದರು: ತೀರ್ಪು ಕೊಡುವುದು, ಹಿಡಿತ ಸಾಧಿಸುವುದು, ಒಳಗೊಂದು ಇಟ್ಟುಕೊಂಡು ಹೊರಗೊಂದು ಆಡುವುದು, ನಿರ್ಲಿಪ್ತತೆ, ಮೇಲರಿಮೆ, ತನಗೇ ಎಲ್ಲ ಗೊತ್ತೆಂಬ ಖಚಿತತೆ. ಈಗ ನಮ್ಮ ಸಮಾರಂಭಗಳನ್ನು ನೋಡಿ. ಎತ್ತರದ ವೇದಿಕೆ, ಒಂದೇ ಮೈಕು, ಭಾಷಣಕಾರರ ಮೇಲಷ್ಟೇ ಬೆಳಕು, ಪ್ರಶಸ್ತಿಗಳ ಪಟ್ಟಿ ಓದುವ ನಾಲ್ಕು ನಿಮಿಷದ ಪರಿಚಯ, ಶಾಲು, ಹಾರ. ಬಾಯಿ ತೆರೆಯುವ ಮೊದಲೇ ಮೇಲರಿಮೆ, ಖಚಿತತೆ, ಹಿಡಿತ ಮೂರೂ ಸಿದ್ಧವಾಗಿರುತ್ತವೆ. ಪರಿಚಯ ಮೂರು ವಾಕ್ಯಕ್ಕೆ ಇಳಿಸಿ. ಭಾಷಣಕಾರರು ಕೆಳಗಿಳಿದು ಸಭಿಕರ ಮಟ್ಟದಲ್ಲಿ ನಿಲ್ಲಲಿ. ಸಭೆಯೊಳಗೆ ಓಡಾಡಲು ಎರಡು ಕಾರ್ಡ್‌ಲೆಸ್ ಮೈಕು ಇರಲಿ. ಒಂದೇ ಇದ್ದರೆ ಅದು ಮುಂದಿನ ಸಾಲಿನ ಮ್ಯಾನೇಜರ್‌ಗಳ ಕೈಯಲ್ಲೇ ಉಳಿಯುತ್ತದೆ. ಎಂ.ಡಿ.ಯವರ ಕುರ್ಚಿ ಮೊದಲ ಸಾಲಿನ ನಡುವೆ ಬೇಡ, ಪಕ್ಕದಲ್ಲಿರಲಿ. ಪ್ರಶ್ನೆ ಕೇಳುವವರು ಮೊದಲು ಅವರ ಬೆನ್ನನ್ನು ನೋಡಿಯೇ ಮಾತನ್ನು ನುಂಗುವುದು.

ಅರವತ್ತು ನಿಮಿಷ ಸಿಕ್ಕರೆ ಮಾತಿಗೆ 25, ಜೋಡಿ ಅಭ್ಯಾಸಕ್ಕೆ 10, ಪ್ರಶ್ನೋತ್ತರಕ್ಕೆ 20. ಮಿಕ್ಕ ಐದು ತಡಕ್ಕೆ. ನಲವತ್ತೈದೇ ಇದ್ದರೆ ಕಡಿತ ಮಾತಿನಲ್ಲಾಗಲಿ. ಮೊದಲ ಪ್ರಶ್ನೆ ಬರಲು ಹದಿನೈದು ಇಪ್ಪತ್ತು ಸೆಕೆಂಡು ಹಿಡಿಯುತ್ತದೆ, ನಿರೂಪಕರು ಆ ಮೌನಕ್ಕೆ ಹೆದರಿ “ಪ್ರಶ್ನೆಗಳಿಲ್ಲ ಅನ್ಸುತ್ತೆ” ಎಂದು ವಂದನಾರ್ಪಣೆಗೆ ಹೋಗಬಾರದು. ಜೋಡಿ ಅಭ್ಯಾಸದಲ್ಲಿ ಮೇಲಧಿಕಾರಿಯನ್ನೂ ಅವರ ಕೈಕೆಳಗಿನವರನ್ನೂ ಜೋಡಿ ಮಾಡಬೇಡಿ. ಇಬ್ಬರನ್ನು ವೇದಿಕೆಗೆ ಕರೆದು ಜಗಳ ನಟಿಸಿ ಎನ್ನುವುದಂತೂ ಕೂಡದು. ನಗು ಬರುತ್ತದೆ, ಮಾರನೇ ದಿನ ಆ ಇಬ್ಬರಿಗೆ ಅಡ್ಡಹೆಸರು ಉಳಿಯುತ್ತದೆ.

ತಯಾರಿಗೆ ಭಾಷಣಕಾರರು ಕೇಳಬೇಕಾದದ್ದು ಮೂರು ಜನರ ಜೊತೆ ಇಪ್ಪತ್ತಿಪ್ಪತ್ತು ನಿಮಿಷದ ಮಾತು: ಒಬ್ಬ ತಂಡದ ಮುಖ್ಯಸ್ಥರು, ಆರು ತಿಂಗಳೊಳಗೆ ಸೇರಿದ ಒಬ್ಬರು, ಗ್ರಾಹಕರ ದೂರು ಕೇಳುವ ಕೌಂಟರಿನವರೊಬ್ಬರು. ಇತ್ತೀಚೆಗೆ ಮನಸ್ಸಿಗೆ ನಾಟಿದ ಒಂದು ಮಾತು ಯಾವುದು ಎಂದು ಕೇಳಿ, ಗುರುತು ಸಿಗದಂತೆ ಬದಲಿಸಿ, ಅವರ ಒಪ್ಪಿಗೆ ಪಡೆದು ಸಭೆಯಲ್ಲಿ ಬಳಸಬೇಕು. ಇದನ್ನು ಕೇಳದೆ ವಿಮಾನ, ಹೋಟೆಲು, ಫೀಸಿನ ಮಾತಷ್ಟೇ ಮುಗಿಸುವವರು ತಂದಿರುವುದು ಎಲ್ಲ ಊರಿಗೂ ಒಂದೇ ಭಾಷಣ.

ಯಾವಾಗ ಕರೆಸಬಾರದು ಎಂಬುದೂ ಮುಖ್ಯ. ಕಿರುಕುಳದ ದೂರೊಂದು ವಿಚಾರಣೆಯಲ್ಲಿರುವಾಗ ಈ ಭಾಷಣ ಏರ್ಪಡಿಸಿದರೆ ದೂರು ಕೊಟ್ಟವರಿಗೆ ಅದು ‘ನೀನು ಸ್ವಲ್ಪ ತಾಳ್ಮೆ ಕಲಿ’ ಎಂದೇ ಕೇಳಿಸುತ್ತದೆ. ಲೈಂಗಿಕ ಕಿರುಕುಳಕ್ಕೆ 2013ರ ಕಾಯ್ದೆಯಿದೆ, ಹತ್ತು ಅಥವಾ ಹೆಚ್ಚು ಜನ ಕೆಲಸ ಮಾಡುವಲ್ಲಿ ಆಂತರಿಕ ಸಮಿತಿ ಕಡ್ಡಾಯ. ಸಮಿತಿಯ ಕೆಲಸವನ್ನು ಮೈಕಿಗೆ ವಹಿಸಬಾರದು. ಪ್ರಾಮಾಣಿಕ ಭಾಷಣಕಾರರು ಫೋನಿನಲ್ಲೇ “ಈಗ್ಯಾಕೆ ಈ ವಿಷಯ?” ಎಂದು ಕೇಳುತ್ತಾರೆ, ಉತ್ತರ ಹಿಡಿಸದಿದ್ದರೆ ದಿನಾಂಕ ಮುಂದೆ ಹಾಕುತ್ತಾರೆ.

ಕಾರ್ಯಕ್ರಮ ಮುಗಿದ ಕೂಡಲೇ ಹಂಚುವ ಒಂದರಿಂದ ಐದರ ಅಂಕದ ಹಾಳೆ ಊಟ ಚೆನ್ನಾಗಿತ್ತೇ ಎಂಬುದನ್ನೂ ಸೇರಿಸಿ ಅಳೆಯುತ್ತದೆ. ಅದರ ಬದಲು ಮೂರು ವಾರ ಬಿಟ್ಟು ಹೆಸರು ಕೇಳದೆ ಒಂದೇ ಪ್ರಶ್ನೆ ಕಳಿಸಿ: ಕಳೆದ ವಾರ ಯಾರಾದರೂ ನಿಮ್ಮ ಕೆಲಸದಲ್ಲಿ ತಪ್ಪು ತೋರಿಸಿದಾಗ ನೀವು ಆಡಿದ ಮೊದಲ ಮಾತು ಯಾವುದು? ‘ಹಂಗಲ್ಲ ಸರ್’, ‘ಮೇಲಿಂದ ಹೇಳಿದ್ರು’, ‘ನಾನೊಬ್ಬನೇನಾ’ ಎಂಬವು ಎಲ್ಲ ಕಡೆಯೂ ಬರುತ್ತವೆ, ಬರಲಿ. ‘ಯಾವ ಭಾಗ?’, ‘ಯಾವಾಗ ಗೊತ್ತಾಯ್ತು?’, ‘ತೋರಿಸ್ತೀರಾ?’ ಎಂಬಂಥವು ನೂರರಲ್ಲಿ ಎಷ್ಟು ಎಂದು ಎಣಿಸಿ ಬರೆದಿಡಿ. ಮುಂದಿನ ವರ್ಷ ಮತ್ತೆ ಭಾಷಣಕಾರರನ್ನು ಹುಡುಕುವಾಗ ಆ ಹಾಳೆಯನ್ನೇ ಮೇಲ್‌ಗೆ ಲಗತ್ತಿಸಿ.