ಮುಂಬಯಿಯಲ್ಲಿ ದಾತೂನ್ ಸವೆಸಿದ ಹಾದಿ

ಹಲ್ಲುಜ್ಜುವ ಕರಿಜಾಲಿಯ ಕಡ್ಡಿಯನ್ನು, ಅಂದರೆ ದಾತೂನನ್ನು, ಮುಂಬಯಿಯಲ್ಲಿ ಕೆಲವರು ಔಷಧವೆನ್ನುತ್ತಾರೆ, ಕೆಲವರು ಹಳೆಯ ಕಾಲದ ಅಭ್ಯಾಸವೆನ್ನುತ್ತಾರೆ. ಪೇಸ್ಟಿನ ಉದ್ಯಮಕ್ಕೆ ಅದೊಂದು ಒಳ್ಳೆಯ ಹೆಸರು, ರೈಲ್ವೆಗೆ ಅನಧಿಕೃತ ಸರಕು. ಈ ಗೋಜಲು ಹಳೆಯದಲ್ಲ.

ಎಕ್ಕ, ಆಲ, ಕಗ್ಗಲಿ, ಹೊಂಗೆ ಮೊದಲಾದವುಗಳ ಕಡ್ಡಿ ಕಿರುಬೆರಳ ಗಾತ್ರವಿದ್ದು 12 ಬೆರಳಗಲ ಉದ್ದವಿರಬೇಕು, ವಸಡಿಗೆ ನೋವಾಗದಂತೆ ಉಜ್ಜಬೇಕು ಎಂದು ಆಯುರ್ವೇದದ ಹಳೆಯ ಗ್ರಂಥ ಅಷ್ಟಾಂಗಹೃದಯ ವಿಧಿಸಿತ್ತು. 1937ರಲ್ಲಿ ಕೋಲ್ಗೇಟ್ ಭಾರತಕ್ಕೆ ಬಂದಿತು.

ಸ್ವಾತಂತ್ರ್ಯದ ಆಸುಪಾಸಿನ ದಶಕಗಳಲ್ಲಿ ಹೋಟೆಲು ಕೆಲಸಕ್ಕೆಂದು ಮುಂಬಯಿಗೆ ಬಂದ ತುಳುನಾಡಿನ ಹುಡುಗರು ಊರಿನಲ್ಲಿ ಮಾವಿನ ಎಲೆ, ಉಮಿಕರಿಗಳಿಂದ ಹಲ್ಲುಜ್ಜಿದವರು. ವಿಜಾಪುರ, ಕಲಬುರಗಿಗಳ ಕಡೆಯ ಕೂಲಿಗಳಿಗೆ ಬೇವಿನ ಕಡ್ಡಿಯೇ ರೂಢಿ. ಇಲ್ಲಿ ಇಬ್ಬರಿಗೂ ಸುಲಭಕ್ಕೆ ಸಿಕ್ಕಿದ್ದು ನಿಲ್ದಾಣದ ಹೊರಗೆ ಒದ್ದೆ ಗೋಣಿತಾಟಿನ ಮೇಲೆ ಹರಡಿದ ದಾತೂನ್. ತುದಿಯ ಸಿಪ್ಪೆ ತೆಗೆದು, ನಾರು ಬಿಡುವತನಕ ಜಗಿದು ಹಲ್ಲುಜ್ಜಿ, ಕೊನೆಗೆ ಅದನ್ನೇ ಉದ್ದಕ್ಕೆ ಸೀಳಿ ಬಿಲ್ಲಿನಂತೆ ಬಗ್ಗಿಸಿ ನಾಲಗೆ ಹೆರೆದು ಎಸೆದರೆ ಮುಗಿಯಿತು. ಚಾಳಿನ ನಲ್ಲಿಯ ಮುಂದೆ ಸರದಿ ನಿಂತವರಿಗೆ ಇಷ್ಟು ಅನುಕೂಲವಾದುದು ಬೇರೊಂದಿರಲಿಲ್ಲ. ಜಾಲಿಯ ಒಗರು ವಸಡನ್ನು ಬಿಗಿಗೊಳಿಸುತ್ತದೆ ಎಂಬ ನಂಬಿಕೆಗೆ ಅದರಲ್ಲಿರುವ ಟ್ಯಾನಿನ್ ಎಂಬ ಒಗರಿನ ಅಂಶ ಆಧಾರ.

1952ರಲ್ಲಿ ಮುಂಬಯಿಯ ಪರೇಲಿನಲ್ಲಿ ಆರಂಭವಾದ ವಿಕೋ ಕಂಪನಿ ಗಿಡಮೂಲಿಕೆಗಳನ್ನು ಹಲ್ಲುಪುಡಿಯಾಗಿಸಿತು. ಆ ಪುಡಿ ಆಯುರ್ವೇದ ಔಷಧವೋ ಪ್ರಸಾಧನವೋ ಎಂಬ ಅಬಕಾರಿ ಸುಂಕದ ವ್ಯಾಜ್ಯ ಸುಪ್ರೀಂ ಕೋರ್ಟಿನವರೆಗೂ ಹೋಯಿತು. 1987ರಲ್ಲಿ ಬಾಲ್ಸರಾ ಕಂಪನಿಯ ಬಬೂಲ್ (ಹಿಂದಿಯಲ್ಲಿ ಕರಿಜಾಲಿ) ಪೇಸ್ಟ್ ಬಂದಿತು, 2005ರಲ್ಲಿ ಆ ಕಂಪನಿ ಡಾಬರ್ ಪಾಲಾಯಿತು. ಕಡ್ಡಿ ಹಳ್ಳಿಗಾಡಿನದೆಂದು ಮೂಗು ಮುರಿದ ಮನೆಗಳಲ್ಲಿಯೂ ಮರದ ಹೆಸರು ಹೊತ್ತ ಟ್ಯೂಬಿಗೆ ಜಾಗ ಸಿಕ್ಕಿತು ಎಂಬುದನ್ನು ಗಮನಿಸಬೇಕು.

ದಂತವೈದ್ಯರ ಆಕ್ಷೇಪಗಳನ್ನು ತಳ್ಳಿಹಾಕುವಂತಿಲ್ಲ. ದವಡೆ ಹಲ್ಲಿನ ಒಳಮಗ್ಗುಲಿಗೆ ಕಡ್ಡಿ ಸರಿಯಾಗಿ ತಲುಪದು, ಒರಟಾಗಿ ಉಜ್ಜಿದರೆ ವಸಡು ಹಿಂದೆ ಸರಿಯುತ್ತದೆ. ಆದರೂ ರೂಢಿಯಿರುವ ಕಡೆ ಇಂಥ ಕಡ್ಡಿಗಳ ಬಳಕೆಯನ್ನು ವಿಶ್ವ ಆರೋಗ್ಯ ಸಂಸ್ಥೆ ಎಂಬತ್ತರ ದಶಕದಲ್ಲಿಯೇ ಬೆಂಬಲಿಸಿತ್ತು. ರಂಜಾನ್ ತಿಂಗಳಿನಲ್ಲಿ ಮೊಹಮ್ಮದ್ ಅಲಿ ರಸ್ತೆಯಲ್ಲಿ ಮುಸ್ಲಿಮರು ಬಳಸುವ ಮಿಸ್ವಾಕ್ ಎಂಬ ಹಲ್ಲುಕಡ್ಡಿಯ ವ್ಯಾಪಾರ ಇಂದಿಗೂ ಜೋರಾಗಿಯೇ ಇರುತ್ತದೆ.

ಜಾಲಿಯ ದಾತೂನ್ ಮಾರುವವರಿಗೆ ಇಂಥ ಧಾರ್ಮಿಕ ರೂಢಿಯ ಆಸರೆಯಿಲ್ಲ. ನಗರ ಪ್ರದೇಶದಲ್ಲಿ ಮರ ಕಡಿಯಲು 1975ರ ಮಹಾರಾಷ್ಟ್ರ ಕಾಯಿದೆಯನ್ವಯ ಅನುಮತಿ ಬೇಕು. ಪರವಾನಗಿಯಿಲ್ಲದೆ ರೈಲ್ವೆಯ ಆವರಣದಲ್ಲಿ ಮಾರುವುದು 1989ರ ರೈಲ್ವೆ ಕಾಯಿದೆಯಡಿ ಅಪರಾಧ. ನಿಯಮಗಳೆರಡೂ ಸಕಾರಣವಾದವೇ. ಇವುಗಳ ನಡುವೆ ಒಂದು ಕಟ್ಟು ಕಡ್ಡಿಯನ್ನು ಎಲ್ಲಿಂದ ತಂದು ಎಲ್ಲಿ ಕುಳಿತು ಮಾರಬೇಕೆಂಬ ಪ್ರಶ್ನೆ ಮಾತ್ರ ಮಾರುವವರಿಗೇ ಉಳಿದಿದೆ.