ಹಸಿರು ಲ್ಯಾಪ್‌ಟಾಪ್ ಯುದ್ಧದ ಊರುಗಳಿಗೆ ಹೋದ ಕಥೆ

2005ರ ನವೆಂಬರ್. ಟ್ಯುನೀಷಿಯಾದಲ್ಲಿ ವಿಶ್ವಸಂಸ್ಥೆಯ ಸಮಾವೇಶ. ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ನಿಕೋಲಸ್ ನೆಗ್ರೊಪೊಂಟೆ, ಬಡ ದೇಶಗಳ ಮಕ್ಕಳಿಗೆಂದು ಮಾಡಿಸಿದ ಒಂದು ಪುಟ್ಟ ಹಸಿರು ಲ್ಯಾಪ್‌ಟಾಪ್ ತೋರಿಸಿದರು. ಬೆಲೆ ಬರೀ 100 ಡಾಲರ್ ಅಂದರು. ಪಕ್ಕದಲ್ಲಿ ಹಳದಿ ಹಿಡಿಕೆ, ತಿರುಗಿಸಿದರೆ ಕರೆಂಟು. ಆಗಿನ ವಿಶ್ವಸಂಸ್ಥೆ ಮಹಾಕಾರ್ಯದರ್ಶಿ ಕೋಫಿ ಅನ್ನಾನ್ ತಿರುಗಿಸಿದರು. ಹಿಡಿಕೆ ಕಿತ್ತು ಕೈಗೇ ಬಂತು!

ಮಾರಾಟಕ್ಕೆ ಬಂದ ಯಂತ್ರದಲ್ಲಿ ಆ ಹಿಡಿಕೆ ಇರಲಿಲ್ಲ. 100 ಡಾಲರ್ ಬೆಲೆಯೂ ಉಳಿಯಲಿಲ್ಲ, 2007ರ ಹೊತ್ತಿಗೆ ಸುಮಾರು ಎರಡು ಪಟ್ಟಾಗಿತ್ತು. ಆದರೂ ಯಂತ್ರ ಚೆನ್ನಾಗಿತ್ತು ಅನ್ನಲೇಬೇಕು. ಬಿಸಿಲಲ್ಲೂ ಓದಬಹುದಾದ ಪರದೆ, ಧೂಳು ನುಗ್ಗದ ರಬ್ಬರ್ ಕೀಬೋರ್ಡ್, ತೀರಾ ಕಡಿಮೆ ಕರೆಂಟು. ಮಗುವಿನ ಕೈಗೆ ಕೊಟ್ಟರೆ ಸಾಕು, ತಾನೇ ಕಲಿಯುತ್ತದೆ ಎಂಬುದು ನೆಗ್ರೊಪೊಂಟೆ ನಂಬಿಕೆ. ಭಾರತ ಸರ್ಕಾರ ಮಾತ್ರ 2006ರಲ್ಲೇ ಬೇಡ ಅಂದಿತು.

ಶಾಲೆಯೇ ನೆಟ್ಟಗಿಲ್ಲದ ಊರಿಗೆ ‘ಮಗು ತಾನೇ ಕಲಿಯುತ್ತದೆ’ ಅನ್ನುವುದಕ್ಕಿಂತ ಒಳ್ಳೆಯ ಮಾತು ಬೇಕಾ? ಅಫ್ಘಾನಿಸ್ತಾನದಲ್ಲಿ ಕಟ್ಟಡ, ಶಿಕ್ಷಕರು ಎರಡೂ ಸಾಲದೆ ಶಾಲೆಗಳು ಪಾಳಿಯಲ್ಲಿ ನಡೆಯುತ್ತಿದ್ದವು. ಎಷ್ಟೋ ಮಕ್ಕಳಿಗೆ ದಿನಕ್ಕೆ ಮೂರು ಗಂಟೆಯ ಪಾಠ ಸಿಕ್ಕರೆ ಹೆಚ್ಚು. ಉಳಿದ ಹೊತ್ತು ಮನೆಯಲ್ಲಿ ಕಲಿಯಲಿ ಎಂದು 2009ರಲ್ಲಿ ಜಲಾಲಾಬಾದಿನ ಮಕ್ಕಳಿಗೆ ಲ್ಯಾಪ್‌ಟಾಪ್ ಕೊಟ್ಟರು. ದರಿ, ಪಶ್ತೋ ಭಾಷೆಗಳಿಗೂ ಅದನ್ನು ಒಗ್ಗಿಸಿದ್ದರು. ಮರುವರ್ಷ ಗಾಜಾದ ರಫಾದಲ್ಲಿ ನಿರಾಶ್ರಿತರ ಶಾಲೆಗಳಿಗೆ ಸುಮಾರು 2,000 ಬಂದವು.

ಇಂಥ ನೊಂದ ದೇಶಗಳಲ್ಲಿ ದೊಡ್ಡ ಪರೀಕ್ಷೆ ಆಫ್ರಿಕಾದ ರುವಾಂಡಾದ್ದು. 1994ರ ನರಮೇಧದಲ್ಲಿ ನೂರು ದಿನಗಳಲ್ಲಿ ಸುಮಾರು 8 ಲಕ್ಷ ಜನ ಸತ್ತ ದೇಶ ಅದು. ಸತ್ತವರಲ್ಲಿ, ಓಡಿಹೋದವರಲ್ಲಿ ಶಿಕ್ಷಕರೂ ಇದ್ದರು. ಅಧ್ಯಕ್ಷ ಪಾಲ್ ಕಗಾಮೆ ಸರ್ಕಾರಕ್ಕೆ ದೇಶವನ್ನು ಕಂಪ್ಯೂಟರ್‌ನಿಂದಲೇ ಮೇಲೆತ್ತುವ ಹಟ. 2008ರಲ್ಲಿ ಶುರುವಾಗಿ ಮುಂದೆ 2 ಲಕ್ಷಕ್ಕೂ ಜಾಸ್ತಿ ಲ್ಯಾಪ್‌ಟಾಪ್ ಹಂಚಿತು. ಆದರೆ ಬಹಳಷ್ಟು ಪ್ರಾಥಮಿಕ ಶಾಲೆಗಳಿಗೆ ಕರೆಂಟೇ ಇರಲಿಲ್ಲ. ಅದೇ ವರ್ಷ ಪಾಠದ ಭಾಷೆ ಫ್ರೆಂಚ್‌ನಿಂದ ಇಂಗ್ಲಿಷ್‌ಗೆ ಬದಲಾಗಿತ್ತು. ಮೇಷ್ಟ್ರು ಇಂಗ್ಲಿಷನ್ನೂ ಕಲಿಯಬೇಕು, ಯಂತ್ರವನ್ನೂ ಕಲಿಯಬೇಕು. ಪಾಪ, ಯಾವಾಗ ಕಲಿಸುವುದು?

ನನಗನಿಸುವ ಹಾಗೆ ತಪ್ಪಿದ್ದು ಇಲ್ಲೇ. ಶಾಲೆ ಇಲ್ಲದ ಕಡೆಗೆಂದು ಮಾಡಿದ ಯಂತ್ರಕ್ಕೆ ಶಾಲೆಯೇ ಬೇಕಾಯಿತು. ಎಲ್ಲರಿಗಿಂತ ಹೆಚ್ಚು ಲ್ಯಾಪ್‌ಟಾಪ್ ಕೊಂಡಿದ್ದ ಪೆರುವಿನಲ್ಲೂ ಅಷ್ಟೇ. 2012ರಲ್ಲಿ ಹೊರಬಂದ ಅಧ್ಯಯನಕ್ಕೆ ಗಣಿತದಲ್ಲಾಗಲಿ ಭಾಷೆಯಲ್ಲಾಗಲಿ ಹೇಳಿಕೊಳ್ಳುವಂಥ ಸುಧಾರಣೆ ಕಾಣಲಿಲ್ಲ.

ರುವಾಂಡಾ ಕಂಪ್ಯೂಟರ್ ಬಿಡಲಿಲ್ಲ, ದಾರಿ ಬದಲಿಸಿತು. ಈಗ ಅಲ್ಲಿ ಶಾಲೆಯ ಒಂದು ಕೋಣೆಗೆ ಮೊದಲು ಕರೆಂಟು, ಇಂಟರ್ನೆಟ್ ಹಾಕಿಸಿ, ಅಲ್ಲೇ ಲ್ಯಾಪ್‌ಟಾಪ್ ಇಡುತ್ತಾರೆ. ಮಕ್ಕಳು ಸರದಿಯಲ್ಲಿ ಬಂದು ಕೂರುತ್ತಾರೆ.